ಸತ್ತವಳ ಹೇಳಿಕೆ

ತನ್ನ ಹೆಣದ ಫೋಟೋವನ್ನು ಸುಹರಾ ನೋಡಿದ್ದು ಶುಕ್ರವಾರ ಮಧ್ಯಾಹ್ನ, ಮಸ್ಕತ್ ನಗರದ ದಾರ್ಸೈಟ್‌ನ ತನ್ನದೇ ಮನೆಯ ಸೋಫಾದಲ್ಲಿ ಕುಳಿತು.

ಫೋನನ್ನು ಅವಳ ಮುಂದೆ ಹಿಡಿದವನು ಆಸ್ವಾಲ್ಡ್. ಹತ್ತು ನಿಮಿಷದ ಹಿಂದೆ ಬಾಗಿಲು ತಟ್ಟಿ, ತಾನು ಮಂಗಳೂರು ಕಡೆಯವನು, ವಿದೇಶದ ಒಂದು ಸುದ್ದಿ ವೆಬ್‌ಸೈಟಿಗೆ ಕೆಲಸ ಮಾಡುವವನು ಎಂದಿದ್ದ. ಊರಿನ ಮಾತು ಕೇಳಿ, ಬಾವ ಎಂಬ ಹೆಸರಿನ ಅವಳ ಗಂಡ ಒಳಗೆ ಕರೆದಿದ್ದ.

ಫೋಟೋದಲ್ಲಿ ಒಂದು ಒಡೆದ ಗೋಡೆ. ಅದರ ಬುಡದಲ್ಲಿ ನೀಲಿ ಬಟ್ಟೆ ಹೊದ್ದು ಬಿದ್ದಿದ್ದ ಹೆಂಗಸು. ಹಣೆಯಲ್ಲಿ ರಕ್ತ, ಮುಚ್ಚಿದ ಕಣ್ಣು. ಎಡಗೆನ್ನೆಯ ಮಚ್ಚೆಯೂ ಸೇರಿದಂತೆ ಮುಖ ಸುಹರಾಳದು.

“ಯಾ ಅಲ್ಲಾಹ್!” ಅವಳು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

“ಬಾಂಬಿಗೆ ಸತ್ತ ತಾಯಿ ಅಂತ ಇದನ್ನು ತೋರಿಸ್ತಾ ಇದ್ದಾರೆ ಅಕ್ಕ,” ಎಂದ ಆಸ್ವಾಲ್ಡ್. “ಈ ಸೋಮವಾರ ಯುರೋಪಿನ ಒಂದು ಪಾರ್ಲಿಮೆಂಟಿನಲ್ಲಿ ಒಬ್ಬಳು ಮೆಂಬರ್ ಫೋಟೋ ಎತ್ತಿ ಹಿಡಿದು ಅತ್ತಳು. ಬಾಂಬ್ ಹಾಕಿದ ದೇಶಕ್ಕೆ ನಾವು ಶಸ್ತ್ರ ಮಾರಬಾರದು ಅಂತ. ಬರುವ ಬುಧವಾರ ಅಲ್ಲಿ ಓಟಿಂಗ್ ಉಂಟು.”

“ಆ ಯುದ್ಧದ ಊರನ್ನು ನಾನು ಮ್ಯಾಪಿನಲ್ಲೂ ನೋಡಿಲ್ಲ!”

“ನಿಮ್ಮ ಫ್ಯಾಕ್ಟರಿಯಲ್ಲಿ ಹೋದ ತಿಂಗಳು ಫೈರ್ ಡ್ರಿಲ್ ಆಗಿತ್ತಲ್ಲ?”

ಸುಹರಾಳಿಗೆ ನೆನಪಾಯಿತು. ಅವಳದು ರುಸೈಲ್‌ನ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಬೆಂಕಿಯ ಅಣಕು ಕಸರತ್ತಿನ ದಿನ ಸೂಪರ್‌ವೈಸರ್ ನಾಲ್ವರು ಹೆಂಗಸರ ಹಣೆಗೆ ಕೆಂಪು ಬಣ್ಣ ಹಚ್ಚಿ, ಗಾಯಾಳುಗಳೆಂದು ಮಲಗಿಸಿದ್ದ. ನಗು ತಡೆಯಲಾಗದೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಆ ಚಿತ್ರ ಕಂಪನಿಯ ಫೇಸ್‌ಬುಕ್ ಪುಟದಲ್ಲೂ ಬಂದಿತ್ತು.

“ಆದರೆ ನಾವು ಮಲಗಿದ್ದು ಸಿಮೆಂಟ್ ನೆಲದಲ್ಲಿ. ಈ ಗೋಡೆ ಎಲ್ಲಿಂದ ಬಂತು?”

“ಈಗ ಕಂಪ್ಯೂಟರಿನಲ್ಲಿ ಎಂತ ಬೇಕಾದರೂ ಸೇರಿಸಬಹುದು ಅಕ್ಕ. ಮುಖ ನಿಮ್ಮದೇ ಅಲ್ವಾ?”

ಮುಖ ಅವಳದೇ. ಅದರಲ್ಲಿ ಸಂಶಯವಿರಲಿಲ್ಲ.

ಬಾವ ತನ್ನ ಫೋನಿಗೂ ಅದನ್ನು ಕಳಿಸಲು ಹೇಳಿದ. ಆಸ್ವಾಲ್ಡ್ ಒಪ್ಪಲಿಲ್ಲ. “ಬೇಡ ಭಾಯಿ. ನಿಮ್ಮ ಹತ್ತಿರ ಸಿಕ್ಕಿದರೆ ನಿಮಗೇ ತೊಂದರೆ. ಸುಳ್ಳು ಸುದ್ದಿಗೆ ಮುಖ ಕೊಟ್ಟವಳು ಯಾರು ಅಂತ ಪೊಲೀಸರು ಕೇಳಿದರೆ ನಿಮಗೆ ವೀಸಾ ಕೊಟ್ಟ ಕಫೀಲ್ ನಿಮ್ಮ ಪರ ನಿಲ್ತಾನಾ? ಮತ್ತೆ ಇಷ್ಟು ದೊಡ್ಡ ಸುಳ್ಳು ಕಟ್ಟಿದವರಿಗೆ ಅಕ್ಕ ಬದುಕಿರುವುದು ಗೊತ್ತಾದರೆ...” ಅವನು ಫೋನನ್ನು ಜೇಬಿಗಿಟ್ಟ. “ಕ್ಯಾಮೆರಾದ ಮುಂದೆ ಸತ್ಯ ಹೇಳಿಬಿಡಿ. ಜಗತ್ತಿಗೆಲ್ಲ ಗೊತ್ತಾದ ಮೇಲೆ ಯಾರೂ ನಿಮ್ಮನ್ನು ಮುಟ್ಟುವುದಿಲ್ಲ.”

ಯೋಚಿಸಿ ಹೇಳುತ್ತೇವೆಂದು ಅವನನ್ನು ಕಳಿಸಿದರು.

ಶನಿವಾರ ಬೆಳಿಗ್ಗೆಯಿಂದ ಕಟ್ಟಡದ ಕೆಳಗೆ ಒಂದು ಬಿಳಿ ಕಾರು ನಿಂತಿತ್ತು. ಒಳಗಿದ್ದವನು ಇಳಿಯಲಿಲ್ಲ. ಲಿಫ್ಟಿನ ಬಾಗಿಲು ತೆರೆದ ಸದ್ದಾದಾಗಲೆಲ್ಲ ಸುಹರಾ ಬಾಗಿಲಿನ ಚಿಲಕ ನೋಡಿಬಂದಳು. ಎರಡು ಸಲ ಫೋನ್ ಬಂತು. ಎತ್ತಿದರೆ ಆ ಕಡೆಯಿಂದ ಮಾತಿಲ್ಲ. ಅಲ್ಲಿ ವಾರದ ಮೊದಲ ಕೆಲಸದ ದಿನವಾದ ಭಾನುವಾರ ಅವಳು ಕೆಲಸಕ್ಕೆ ಹೋಗಲಿಲ್ಲ, ಹನ್ನೊಂದನೇ ಕ್ಲಾಸಿನ ಮಗಳು ರಿಫಾಳನ್ನು ಶಾಲೆಗೂ ಕಳಿಸಲಿಲ್ಲ. ಕಿಟಕಿಯ ಪರದೆ ಸರಿಸಿ ನೋಡಿದಳು. ಕಾರು ಅಲ್ಲೇ ಇತ್ತು.

“ಅವರಿಗೆ ಫೋನ್ ಮಾಡಿ,” ಎಂದಳು ಗಂಡನಿಗೆ. “ನನಗೆ ತಡೆಯಲಿಕ್ಕೆ ಆಗುವುದಿಲ್ಲ.”

ಆಸ್ವಾಲ್ಡ್ ಅರ್ಧ ಗಂಟೆಯಲ್ಲಿ ಬಂದ. ಸುಹರಾ ರೆಸಿಡೆಂಟ್ ಕಾರ್ಡನ್ನು ಎದೆಯ ಹತ್ತಿರ ಹಿಡಿದು ಕನ್ನಡದಲ್ಲೇ ಹೇಳಿದಳು. “ನಾನು ಸುಹರಾ. ಮಸ್ಕತ್‌ನಲ್ಲಿ ಇದ್ದೇನೆ. ಆ ಫೋಟೋದಲ್ಲಿ ಇರುವುದು ನಾನೇ. ನಾನು ಸತ್ತಿಲ್ಲ.”

“ಅಲ್ಲಿ ಯಾರೂ ಸತ್ತಿಲ್ಲ ಅಂತಲೂ ಹೇಳಿ.”

“ಅದು ನನಗೆ ಹೇಗೆ ಗೊತ್ತು ಸರ್?”

“ಫೋಟೋದ ಹೆಂಗಸು ಸತ್ತಿಲ್ಲ ಅಂತ ಗೊತ್ತುಂಟಲ್ಲ? ಅಷ್ಟೇ ಅದರ ಅರ್ಥ.”

ಅವಳು ಅದನ್ನೂ ಹೇಳಿದಳು.

ವಿಡಿಯೋ ಹೊರಬಂದಿದ್ದು ಬುಧವಾರ, ಓಟಿಂಗಿಗೆ ಮೂರು ಗಂಟೆ ಮೊದಲು. ಜೊತೆಗೆ ಒಡೆದ ಗೋಡೆಯ ಬುಡದಲ್ಲಿ ಬಿದ್ದ ಸುಹರಾಳ ಫೋಟೋ. ನೋಡನೋಡುತ್ತಿದ್ದಂತೆ ಎಲ್ಲರ ಫೋನಿನಲ್ಲೂ ಅದೇ ತುಂಬಿತು. ಮನೆಯ ಟಿವಿಯಲ್ಲಿ ಮೂವರೂ ನೇರ ಪ್ರಸಾರ ನೋಡಿದರು. ಕೋಟು ತೊಟ್ಟ ಒಬ್ಬ ಮೆಂಬರ್ ಎದ್ದು ನಿಂತು ಸುಹರಾಳ ಮಾತನ್ನು ಸಭೆಗೆಲ್ಲ ಕೇಳಿಸಿದ. “ನಿಮ್ಮ ಹುತಾತ್ಮೆ ಮಸ್ಕತ್‌ನಲ್ಲಿ ಆರಾಮವಾಗಿದ್ದಾಳೆ!” ಸಭೆ ಗೊಳ್ಳೆಂದಿತು. ಸೋಮವಾರ ಅತ್ತಿದ್ದ ಹೆಂಗಸು ಏನೋ ಹೇಳಲು ಎದ್ದಳು. ಸುಳ್ಳಿ, ಸುಳ್ಳಿ ಎಂಬ ಕೂಗಿನಲ್ಲಿ ಅವಳ ದನಿ ಕೇಳಿಸಲೇ ಇಲ್ಲ. ಶಸ್ತ್ರ ಮಾರಾಟ ನಿಲ್ಲಿಸುವ ನಿರ್ಣಯ ಹನ್ನೊಂದು ಮತಗಳಿಂದ ಬಿದ್ದುಹೋಯಿತು.

“ಖಲಾಸ್,” ಎಂದ ಬಾವ. “ಇನ್ನು ಹೆದರಿಕೆ ಇಲ್ಲ.”

ಕೆಳಗೆ ಬಿಳಿ ಕಾರು ಇರಲಿಲ್ಲ. ಧನ್ಯವಾದ ಹೇಳಲು ಕರೆ ಮಾಡಿದರೆ ಆಸ್ವಾಲ್ಡನ ಫೋನ್ ಆಫ್ ಆಗಿತ್ತು. ಐದು ದಿನಗಳ ಬಳಿಕ ಸುಹರಾ ಹೊಟ್ಟೆ ತುಂಬ ಉಂಡಳು. ಸತ್ಯ ಹೇಳಿದ್ದಕ್ಕೆ ದೇವರು ಕಾಪಾಡಿದ ಎಂದುಕೊಂಡಳು.

ಗುರುವಾರ ಸಂಜೆ ರಿಫಾ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. ಉಮ್ಮನ ಕಥೆಯನ್ನೇ ಶಾಲೆಯ ಭಾಷಣಕ್ಕೆ ಆರಿಸಿಕೊಂಡಿದ್ದಳು.

“ಉಮ್ಮಾ, ಕಮ್ ಹಿಯರ್.” ಮಗಳು ಪರದೆಯನ್ನು ತಾಯಿಯ ಕಡೆ ತಿರುಗಿಸಿದಳು. “ಇದು ಆ ಪಾರ್ಲಿಮೆಂಟಿನವರೇ ಇಟ್ಟ ವಿಡಿಯೋ. ಸೋಮವಾರದ್ದು, ಆಸ್ವಾಲ್ಡ್ ಅಂಕಲ್ ನಮ್ಮ ಮನೆಗೆ ಬರುವ ನಾಲ್ಕು ದಿನ ಮೊದಲಿನದ್ದು.”

ಅಳುತ್ತಿದ್ದ ಮೆಂಬರ್ ಫೋಟೋ ಎತ್ತಿ ಹಿಡಿದಲ್ಲಿಗೆ ರಿಫಾ ವಿಡಿಯೋ ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿದಳು. ಅದೇ ಒಡೆದ ಗೋಡೆ. ಅದೇ ನೀಲಿ ಬಟ್ಟೆ.

ಅದನ್ನು ಹೊದ್ದು ಸತ್ತು ಬಿದ್ದಿದ್ದವಳು ಬೇರೆ ಯಾರೋ ಹೆಂಗಸು.