ಕಸ್ತೂರೆವ್ವನ ಹಕ್ಕರಕಿ

"ಆ ಮೂಲೇಲಿದ್ದ ಕಳೇನೆಲ್ಲ ಕಿತ್ ಹಾಕ್ದೆ ಕಣೇ ಕಸ್ತೂರಿ. ಊಟಕ್ಕೆ ಜನ ಬರೋ ಹೊತ್ಗೆ ತಾರಸಿ ಚೆನ್ನಾಗ್ ಕಾಣ್ಲಿ ಅಂತ" ಎಂದು ಪಾಪಮ್ಮ ಸೆರಗಿಗೆ ಕೈ ಒರೆಸಿಕೊಂಡಾಗ ಕಸ್ತೂರೆವ್ವ ತಟ್ಟನೆ ಆ ಮೂಲೆಗೆ ತಿರುಗಿದಳು. ಅವಳು ಬೆಳೆಸಿದ್ದ ಸೊಪ್ಪಿನ ಮಡಿ ಬೋಳಾಗಿತ್ತು.

ಕಳೆಯಂತೆ ಕಳೆ! ಅದು ಹಕ್ಕರಕಿ, ಅವಳ ಊರ ಕಡೆ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು. ಪಾಪಮ್ಮ ಪಾಪ, ಹುಟ್ಟಿದಾಗಿನಿಂದ ಅದನ್ನು ಕಂಡವರೇ ಅಲ್ಲ.

ಎರಡು ವರ್ಷದ ಹಿಂದೆ ರಾಜಕಾಲುವೆ ಉಕ್ಕಿ ಕಾಮಾಕ್ಷಿಪಾಳ್ಯದ ಈ ಬೀದಿಗೆ ನುಗ್ಗಿದಾಗ ಜನ ವಾರಗಟ್ಟಲೆ ಊಟದ ಪೊಟ್ಟಣಕ್ಕೆ ಕೈಚಾಚಿದ್ದರು. ಇನ್ನು ಆ ಗತಿ ಬೇಡವೆಂದು ಬೀದಿಯವರೇ ಒಟ್ಟಾಗಿ ತಾರಸಿಗೆ ಮಣ್ಣು ಹೊತ್ತು ಬೆಳೆ ತೆಗೆದರು. ಇವತ್ತು ಅದರದೇ ಊಟ. ಪ್ರತಿ ಮನೆಯವರೂ ತಾವು ಬೆಳೆದದ್ದನ್ನು ತಾವೇ ಬಡಿಸಬೇಕು. ಆ ನೆರೆಯಲ್ಲಿ ಮನೆ ಕಳೆದುಕೊಂಡು ಪಾಪಮ್ಮನ ಮಹಡಿಯಲ್ಲಿ ತಿಂಗಳುಗಟ್ಟಲೆ ಉಂಡಿದ್ದ ಕಸ್ತೂರೆವ್ವನಿಗೆ ಒಂದೇ ಆಸೆ: ಒಂದು ಸಲವಾದರೂ ಈ ಬೀದಿಯವರ ಎಲೆಗೆ ತನ್ನ ಕೈಯಿಂದ ಒಂದು ತುತ್ತು ಬೀಳಬೇಕು! ಈಗ ಬೈಯೋಣವೆಂದರೆ ಉಂಡ ಅನ್ನ ಬಾಯಿ ಕಟ್ಟಿತು.

"ಕಿತ್ತದ್ದು ಎಲ್ಲೈತ್ರೀ?"

"ಬುಟ್ಟೀಲಿ ಹಾಕಿ ಗೇಟ್ ಹತ್ರ ಇಟ್ಟಿದೀನಿ. ಹಸು ಬರುತ್ತಲ್ಲ, ತಿನ್ಲಿ ಅಂತ."

ಸೀರೆ ಎತ್ತಿ ಸಿಕ್ಕಿಸಿ ಓಡಿದಳು ನೋಡಿ! ಬಾಳೆಎಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಪಕ್ಕದ ಮನೆಯ ಯೋಗಾನಂದ ಗೋಡೆಗೆ ಅಂಟಿಕೊಂಡ. ಹಸು ಆಗಲೇ ಗೇಟಿನೊಳಗೆ ಕತ್ತು ಚಾಚಿತ್ತು. ಬುಟ್ಟಿಗೂ ಅದರ ಮೂತಿಗೂ ಒಂದು ಗೇಣಿದ್ದರೆ ಹೆಚ್ಚು.

"ತಡಿಯವ್ವಾ, ನಿನಗ ಬ್ಯಾರೆ ಹಾಕ್ತೀನಿ!" ಎನ್ನುತ್ತ ಬುಟ್ಟಿಯನ್ನು ಸೆಳೆದುಕೊಂಡಳು. ಸೊಪ್ಪು ಇನ್ನೂ ಬಾಡಿರಲಿಲ್ಲ. ಅಬ್ಬಾ, ಬದುಕಿದೆ ಎನಿಸಿತು.

ತೊಳೆದು, ಬೇರು ಚಿವುಟಿ, ಈರುಳ್ಳಿ, ಶೇಂಗಾ ಪುಡಿ ಬೆರೆಸಿ ಬೋಗುಣಿ ತುಂಬಿಕೊಂಡು ತಾರಸಿಗೆ ಬಂದಳು. ಪಂಕ್ತಿಯಲ್ಲಿ ಮೊದಲು ಕೂತಿದ್ದ ಪಾಪಮ್ಮ ಎಲೆಗೆ ಕೈ ಅಡ್ಡ ಹಿಡಿದರು.

"ಅಯ್ಯಯ್ಯೋ, ಆ ಕಳೇನಾ? ಅದೂ ಬೇಯಿಸ್ದೇನೇ? ನಾನೇನು ಹಸುನೇನೇ?"

"ಒಂದು ತುತ್ತು ತಿಂದು ನೋಡ್ರೀ. ಸೇರಲಿಲ್ಲಂದ್ರ ಉಗುಳಿಬಿಡ್ರಿ."

ಪಾಪಮ್ಮ ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡರು. ಇಡೀ ಪಂಕ್ತಿ ಅವರ ಮುಖವನ್ನೇ ನೋಡುತ್ತಿತ್ತು. ಕರುಕುರು ಅಗಿದರು, ನುಂಗಿದರು.

"ಏ ಕಸ್ತೂರಿ!" ಪಾಪಮ್ಮ ಗದರಿದರು. "ಇಷ್ಟೇ ಇಷ್ಟು ಹಾಕಿದೀಯಲ್ಲೇ, ಜಿಪುಣಿ! ಹಾಕೇ ಇನ್ನೊಂದಿಷ್ಟು!"

"ನಂಗೂ ಹಾಕಕ್ಕಾ", "ಇತ್ಲಾಗೂ ಬಾರವ್ವ" ಎಂದು ಪಂಕ್ತಿಯುದ್ದಕ್ಕೂ ಕೂಗೆದ್ದಿತು. ಕಸ್ತೂರೆವ್ವನಿಗೆ ಕಾಲು ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ. ಕೊನೆಯ ಎಲೆ ಮುಟ್ಟುವಷ್ಟರಲ್ಲಿ ತನ್ನ ಪಾಲಿಗೆ ಒಂದು ಎಸಳೂ ಉಳಿಯಲಿಲ್ಲ. ಅವಳು ಆ ಬರಿದಾದ ಬೋಗುಣಿಯನ್ನು ಬೋರಲು ಮಾಡಿ, ಬೀದಿಗೆಲ್ಲ ಕಾಣುವಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಳು.