ಮುನಿವೆಂಕಟಪ್ಪನ ನಿದ್ದೆ

ಹೊಲದ ನಡುವೆ ನೀಲಿ ಬಣ್ಣದ ಉದ್ದನೆಯ ಚೀಲವೊಂದು ಅಲುಗಾಡದೆ ಬಿದ್ದಿರುವುದನ್ನು ಕಂಡು ಹೊಲದ ಒಡತಿ ಆದಿಲಕ್ಷ್ಮಮ್ಮ ಬದುವಿನ ಮೇಲೇ ನಿಂತುಬಿಟ್ಟಳು. ಚೀಲದ ಬಾಯಲ್ಲಿ ಕುರಿ ಕಾಯುವ ಮುನಿವೆಂಕಟಪ್ಪನ ನರೆತ ತಲೆ ಮಾತ್ರ ಕಾಣುತ್ತಿತ್ತು. ಹೊತ್ತು ಆಗಲೇ ಮಾರುದ್ದ ಏರಿತ್ತು. ಬೆಳಕು ಹರಿದ ಮೇಲೆ ಈ ಮನುಷ್ಯ ಮಲಗಿದ್ದನ್ನು ಮಂಚೇನಹಳ್ಳಿ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಅವನಿಗೆಂದು ತಂದ ಅಂಬಲಿಯ ಪಾತ್ರೆಯನ್ನು ಬದುವಿನ ಮೇಲಿಟ್ಟು, ಹತ್ತಿರ ಹೋಗಲು ಧೈರ್ಯ ಸಾಲದೆ, ಅವಳು ದೂರದಿಂದಲೇ ಎರಡು ಸಲ ಕೂಗಿದಳು. ಮೂರನೆಯ ಸಲಕ್ಕೆ ಚೀಲ ಕೆಮ್ಮಿತು.

ಹೆದರಿಕೆ ಇಳಿದದ್ದೇ ತಡ, ಸಿಟ್ಟು ಏರಿತು. ನೂರಿಪ್ಪತ್ತು ಕುರಿಗಳೂ ಗಾಳಿಗೆ ಬೆನ್ನು ಕೊಟ್ಟು ಮೂಡಣ ಮೂಲೆಯಲ್ಲಿ ಒತ್ತೊತ್ತಾಗಿ ಮಲಗಿದ್ದವು. ರಾಗಿ ಕೊಯ್ದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುವುದೇ ಗೊಬ್ಬರಕ್ಕಾಗಿ. ಕುರಿಗಳೇನು ತಾವಾಗಿ ಎದ್ದು ಹೊಲವೆಲ್ಲ ಸುತ್ತುತ್ತವೆಯೇ? ಕಾಯುವವನು ರಾತ್ರಿಗೆ ಮೂರು ಸಲವಾದರೂ ಎದ್ದು, ಮಂದೆಯನ್ನು ಎಬ್ಬಿಸಿ, ಬೇರೆ ಕಡೆಗೆ ದಾಟಿಸಿ ಮಲಗಿಸಬೇಕು. ಹಾಗಾದರೆ ಮಾತ್ರ ಹಿಕ್ಕೆ ಹೊಲದ ತುಂಬ ಸಮನಾಗಿ ಬೀಳುತ್ತದೆ. ಇವತ್ತು ಆ ಮೂಲೆ ಒಂದರಲ್ಲೇ ಕಪ್ಪಗೆ ಹಾಸಿತ್ತು. ಉಳಿದ ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇರಲಿಲ್ಲ.

ಮುನಿವೆಂಕಟಪ್ಪ ಎದ್ದು ನಿಲ್ಲಬೇಕೆಂದು ನೋಡಿದ. ಚೀಲದ ಜಿಪ್ಪು ಕೈಗೆ ಸಿಗಲಿಲ್ಲ, ಸಿಕ್ಕಾಗ ಜಗ್ಗಲಿಲ್ಲ. ಕೊನೆಗೆ ತೆವಳಿಕೊಂಡೇ ಹೊರಗೆ ಬಂದು, ಮಂದೆ ಬಿದ್ದಿರುವ ಮೂಲೆಯನ್ನು ನೋಡಿ ಹಾಗೇ ಕೂತುಬಿಟ್ಟ.

"ರಾತ್ರಿ ಎಷ್ಟು ಸಲ ಎಬ್ಬಿಸ್ದೆ ಮುನಿವೆಂಕಟಪ್ಪ?" ಎಂದು ಆದಿಲಕ್ಷ್ಮಮ್ಮ ಕೇಳಿದಳು.

ಏನಾದರೊಂದು ನೆಪ ಹೇಳಬಹುದಿತ್ತು. ತೋಳ ಬಂದಿತ್ತು, ಬೆದರಿ ಮೂಲೆ ಸೇರಿದವು ಎಂದರೆ ಅಲ್ಲವೆನ್ನುವವರು ಯಾರಿದ್ದರು? ನಿಜ ಹೇಳಿದರೆ ಅವಳು ಇನ್ನೊಬ್ಬ ಕುರಿಗಾರ ಕೊಂಡಪ್ಪನ ಮಂದೆ ಕರೆಸುತ್ತಾಳೆ. ಈ ಹೊಲದಿಂದ ಅವನನ್ನು ಎಬ್ಬಿಸಿದರೆಂಬ ಸುದ್ದಿ ಸಂತೆಗೆ ಮುಟ್ಟಿದರೆ ಇನ್ನು ಯಾವ ಹೊಲದವರೂ ಕರೆಯುವುದಿಲ್ಲ. ಮೂವತ್ತು ವರ್ಷ ಕಾಪಾಡಿಕೊಂಡ ಹೆಸರು ಅಲ್ಲಿಗೆ ಮುಗಿಯುತ್ತದೆ. ಆದರೆ ಮಳೆ ಬಿದ್ದು ಪೈರು ಎದ್ದ ಮೇಲೆ ಹೊಲವೇ ಎಲ್ಲ ಹೇಳಿಬಿಡುತ್ತದೆ, ಅದರ ಬಾಯಿ ಕಟ್ಟುವವರುಂಟೇ!

"ಒಂದ್ಸಲಾನೂ ಇಲ್ಲಮ್ಮ," ಎಂದ. "ನಿದ್ದೆ ಬಂದ್ಬಿಡ್ತು."

ಬೈಯಲು ಬಾಯಿ ತೆರೆದವಳು ಬೈಯದೆ, ಇದೆಂಥ ಚೀಲ ಎಂದು ಕೇಳಿದಳು. ಅವನು ತಲೆ ಎತ್ತದೆ ಹೇಳಿದ. ಮಗಳು ಅಮ್ಮಾಜಮ್ಮ ಮುದ್ದೇನಹಳ್ಳಿಯಲ್ಲಿ ಬೆಟ್ಟ ಹತ್ತಲು ಬರುವ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಅಡುಗೆ ಮಾಡಿಹಾಕುತ್ತಾಳೆ. ಅವರಲ್ಲೊಬ್ಬಳು ಊರಿಗೆ ಹೋಗುವಾಗ, ಬೆಟ್ಟದ ಚಳಿಗೆ ಹೊಕ್ಕು ಮಲಗುವ ಈ ಚೀಲವನ್ನು ಕೊಟ್ಟಳಂತೆ. ಸುತ್ತಿದರೆ ಸೋರೆಕಾಯಿ ಗಾತ್ರ, ಭಾರವಂತೂ ಇಲ್ಲವೇ ಇಲ್ಲ. ಅವನ ಕಂಬಳಿಯೋ, ಇಬ್ಬನಿಗೆ ನೆಂದರೆ ಎತ್ತಲಾಗದು. ಹೊತ್ತು ಹೊತ್ತು ಬಲಭುಜ ಬಿದ್ದೇಹೋಗಿದೆ. ಮಗಳು ಹಟ ಹಿಡಿದು ಇದರೊಳಗೇ ಮಲಗಬೇಕೆಂದು ಆಣೆ ಹಾಕಿಸಿಕೊಂಡಿದ್ದಳು. ಒಂದು ಗಳಿಗೆ ಬೆನ್ನು ನೀಡೋಣವೆಂದು ಹೊಕ್ಕಿದ್ದನಷ್ಟೆ.

"ಚಳೀನೇ ನನ್ನ ಎಬ್ಬಿಸ್ತಾ ಇದ್ದದ್ದು ಕಣಮ್ಮ," ಎಂದ. "ನಿನ್ನೆ ಅದು ಬರ್ಲೇ ಇಲ್ಲ."

ಒಪ್ಪಿಕೊಂಡ ಮೂರು ರಾತ್ರಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಬೇಡ, ಒಂದು ರಾತ್ರಿ ಹೆಚ್ಚಿಗೆ ನಿಲ್ಲಿಸುತ್ತೇನೆ ಎಂದು ಅಂಗಲಾಚಿದ. ಆದಿಲಕ್ಷ್ಮಮ್ಮ ಬದುವಿನ ಮೇಲಿದ್ದ ಅಂಬಲಿಯ ಪಾತ್ರೆಯನ್ನು ತಂದು ಅವನ ಮುಂದಕ್ಕೆ ತಳ್ಳಿ, ಮೊದಲು ಕುಡಿ, ಕೊಂಡಪ್ಪನನ್ನು ಕರೆಯೋದು ಬಿಡೋದು ಆಮೇಲಿನ ಮಾತು ಎಂದು ಸೆರಗು ಕೊಡವಿಕೊಂಡು ಹೊರಟಳು.

ಸಂಜೆ ಬಸ್ಸಿಳಿದು ಅಮ್ಮಾಜಮ್ಮ ಹೊಲಕ್ಕೇ ಬಂದಳು. ಬಂದವಳೇ, "ಬೆಚ್ಚಗಿತ್ತಾ ಅಪ್ಪಾ?" ಎಂದು ಕೇಳಿದಳು.

"ಬೆಚ್ಚಗಿತ್ತಮ್ಮ. ತಗೊಂಡ್ಹೋಗು."

ಮಗಳ ಮುಖ ಸಪ್ಪಗಾಯಿತು. ಆದರೂ ಮುನಿವೆಂಕಟಪ್ಪ ಚೀಲವನ್ನು ಸುತ್ತಿ ಅವಳ ಕೈಗಿಟ್ಟ. ಕೊಂಡಪ್ಪ ಬರಲಿಲ್ಲ. ಆಮೇಲಿನ ಮೂರು ರಾತ್ರಿಯೂ ಇವನೇ ಒದ್ದೆ ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತ, ಎದ್ದೆದ್ದು ಮಂದೆ ದಾಟಿಸಿದ. ನಾಲ್ಕನೆಯ ಬೆಳಿಗ್ಗೆ ಕೋಲಿಗೆ ಆತುಕೊಂಡು ನಡೆಯುವಾಗ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಂತು. ಶ್ರಾವಣದ ಹೊತ್ತಿಗೆ ಹೊಲದ ರಾಗಿ ಎಲ್ಲ ಕಡೆ ಮೊಣಕಾಲುದ್ದ ಇದ್ದರೆ ಮೂಡಣ ಮೂಲೆಯಲ್ಲಿ ಮಾತ್ರ ಸೊಂಟದೆತ್ತರ, ಕಡುಹಸಿರು. ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬಂದ ಮುನಿವೆಂಕಟಪ್ಪ ತಲೆ ತಗ್ಗಿಸಿ ಬೇಗ ದಾಟಿಬಿಡಬೇಕೆಂದುಕೊಂಡ. ಅಷ್ಟರಲ್ಲಿ ಬದುವಿನ ಮೇಲೆ ನಿಂತ ದಾರಿಹೋಕನೊಬ್ಬ, ಆ ಮೂಲೆ ಒಂದೇ ಯಾಕೆ ಹಾಗೆ ಎಂದು ಆದಿಲಕ್ಷ್ಮಮ್ಮನನ್ನು ಕೇಳುವುದು ಕಿವಿಗೆ ಬಿತ್ತು. ಮುನಿವೆಂಕಟಪ್ಪ ನಿಂತಲ್ಲೇ ನಿಂತ.

ಆದಿಲಕ್ಷ್ಮಮ್ಮ ಕಳೆ ಕೀಳುತ್ತಲೇ ಹೇಳಿದಳು: "ನಮ್ಮ ಮುನಿವೆಂಕಟಪ್ಪ ಮೂವತ್ತು ವರ್ಷದಾಗೆ ಮಾಡಿರೋ ಒಂದೇ ನಿದ್ದೆ ಕಣಪ್ಪ ಅದು. ಅಷ್ಟೇ ಅಗಲ."