ನಾಲ್ಕು ಮೆಟ್ಟಿಲಿನ ಸನ್ಮಾನ

ಕಾಲಿನಲ್ಲಿ ಬಲವಿಲ್ಲದ ನೀಲವ್ವ ಪ್ಯಾರಾ ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ನೂರಾ ಹತ್ತು ಕೆ.ಜಿ. ಎತ್ತಿ ಚಿನ್ನ ಗೆದ್ದು ಬಂದಳು. ಊರವರಿಗೆ ಹಿಗ್ಗೋ ಹಿಗ್ಗು. ಸನ್ಮಾನಕ್ಕೆಂದು ನಾಲ್ಕು ಮೆಟ್ಟಿಲಿನ ವೇದಿಕೆ ಕಟ್ಟಿದರು. ಗಾಲಿಕುರ್ಚಿ ಸಮೇತ ಅವಳನ್ನು ಮೇಲೇರಿಸಲು ಹೋದ ನಾಲ್ವರು ಸೊಂಟ ಹಿಡಿದುಕೊಂಡು ಕುಳಿತರು.

"ಸಾಹೇಬ್ರ, ನೀವ ಕೆಳಗ ಬಂದು ಶಾಲು ಹೊದಿಸ್ರಿ," ಎಂದಳು ನೀಲವ್ವ.

ಮುಖ್ಯ ಅತಿಥಿ ವೇದಿಕೆಯ ಅಂಚಿಗೆ ಬಂದು ಬಗ್ಗಿ ನೋಡಿದರು. "ನಾ ಕೆಳಗ ಇಳಿದ್ರ ಘನತಿ ಏನ ಉಳೀತವ್ವಾ? ಎತ್ತೂ ಮಂದಿ ಇಲ್ಲಂದ್ರ ಹೇಳ್ರಿ, ನಾ ಹೊಂಟೆ."

ನೀಲವ್ವ ಕುರ್ಚಿಯನ್ನು ವೇದಿಕೆಯ ಬುಡಕ್ಕೆ ಉರುಳಿಸಿಕೊಂಡು ಬಂದು ಬ್ರೇಕು ಹಾಕಿದಳು. ಭಾರ ಎತ್ತುವಾಗ ಕೈ ಜಾರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿಯನ್ನು ಚೀಲದಿಂದ ತೆಗೆದು ಅಂಗೈಗೆ ತಿಕ್ಕಿಕೊಂಡು, ಎರಡೂ ತೋಳನ್ನು ಅವರತ್ತ ಚಾಚಿದಳು.

"ಸಾಹೇಬ್ರ, ನಿಮ್ಮ ತೂಕ ಎಷ್ಟೈತ್ರಿ?"